ಕಮಾಂಡ್ ಓಡಿತು, ಕೆಲಸ ಆಯಿತೇ?

ರಾಯಚೂರಿನ ದಲಾಲಿ ಅಂಗಡಿಯೊಂದರ ಹಳೆಯ ಹತ್ತಿ ಲೆಕ್ಕಪತ್ರಗಳನ್ನು ಕಂಪ್ಯೂಟರಿನಲ್ಲಿ ಹುಡುಕಲು ಬರುವಂತೆ ಮಾಡುವ ಪ್ರೋಗ್ರಾಮಾಗಲಿ, ಗಂಗಾವತಿಯ ಅಕ್ಕಿ ಗಿರಣಿಯ ದಿನದ ವಹಿವಾಟನ್ನು ರಾತ್ರಿ ಬ್ಯಾಕಪ್ ತೆಗೆಯುವ ಪ್ರೋಗ್ರಾಮಾಗಲಿ, ಬಳ್ಳಾರಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಬರೆಯುವ ಪ್ರೋಗ್ರಾಮಾಗಲಿ, ಎಲ್ಲವನ್ನೂ ತಾನೇ ಮಾಡುವುದು ಅಪರೂಪ. ಪಿಡಿಎಫ್‌ನಿಂದ ಪಠ್ಯ ತೆಗೆಯಲು, ಸ್ಕ್ಯಾನ್ ಮಾಡಿದ ಪುಟವನ್ನು ಓದಲು, ಡೇಟಾಬೇಸ್‌ನ ಪ್ರತಿ ತೆಗೆದು ಅದನ್ನು ಕುಗ್ಗಿಸಿಡಲು ಮೊದಲೇ ಸಿದ್ಧವಿರುವ ಕಮಾಂಡ್‌ಲೈನ್ ಉಪಕರಣಗಳನ್ನು (ಟೈಪ್ ಮಾಡಿದ ಆಜ್ಞೆಯಿಂದ, ಅಂದರೆ ಕಮಾಂಡ್‌ನಿಂದ, ನಡೆಯುವ ಪ್ರೋಗ್ರಾಮುಗಳನ್ನು) ಪ್ರೋಗ್ರಾಮು ಒಳಗಿನಿಂದಲೇ ಕರೆದು ಕೆಲಸ ಮಾಡಿಸಿಕೊಳ್ಳುತ್ತದೆ. ಇದು ತಪ್ಪಲ್ಲ, ಜಾಣತನ. ಹತ್ತಾರು ವರ್ಷ ಬಳಸಿ ಪಳಗಿದ ಉಪಕರಣವನ್ನು ಬಿಟ್ಟು ಅದನ್ನೇ ಹೊಸದಾಗಿ ಬರೆಯಲು ಹೊರಡುವುದರಲ್ಲಿ ಅರ್ಥವಿಲ್ಲ.

ತೊಡಕು ಇರುವುದು ಕರೆದ ನಂತರ. ಕರೆದ ಉಪಕರಣ ಏನು ಉತ್ತರ ಕೊಟ್ಟಿತು, ಆ ಉತ್ತರವನ್ನು ನಮ್ಮ ಪ್ರೋಗ್ರಾಮು ಓದಿತೇ, ಓದಿದ್ದನ್ನು ಸರಿಯಾಗಿ ಅರ್ಥ ಮಾಡಿಕೊಂಡಿತೇ ಎಂಬ ಪ್ರಶ್ನೆಗಳಿಗೆ ಪಠ್ಯಕ್ರಮದಲ್ಲಿ ಸಿಗುವ ಜಾಗ ಬಹಳ ಕಡಿಮೆ. ಈ ಅಲಕ್ಷ್ಯ ಮೊದಲಿನಿಂದಲೂ ಇದ್ದದ್ದೇ. ಆದರೆ 2025ರ ಫೆಬ್ರವರಿಯಲ್ಲಿ ಕ್ಲಾಡ್ ಕೋಡ್, ಏಪ್ರಿಲ್‌ನಲ್ಲಿ ಓಪನ್‌ಎಐನ ಕೋಡೆಕ್ಸ್ ಸಿಎಲ್‌ಐ, ಜೂನ್‌ನಲ್ಲಿ ಗೂಗಲ್‌ನ ಜೆಮಿನಿ ಸಿಎಲ್‌ಐ ಎಂಬ ಎಐ ಸಹಾಯಕಗಳು ಬಂದ ಮೇಲೆ ಅದಕ್ಕೆ ಬೇರೆಯೇ ತೂಕ ಬಂದಿದೆ. ಈ ಸಹಾಯಕಗಳು ಕೋಡ್ ಬರೆದುಕೊಟ್ಟು ಸುಮ್ಮನಾಗುವುದಿಲ್ಲ, ನಮ್ಮ ಯಂತ್ರದಲ್ಲಿಯೇ ಕಮಾಂಡ್‌ಗಳನ್ನು ಓಡಿಸಿ, ಬಂದ ಫಲಿತಾಂಶವನ್ನು ನೋಡಿ ಮುಂದಿನ ಹೆಜ್ಜೆಯನ್ನು ತಾವೇ ತೀರ್ಮಾನಿಸುತ್ತವೆ. ಫಲಿತಾಂಶವನ್ನು ತಪ್ಪಾಗಿ ಓದಿದರೆ ತಪ್ಪು ಹೆಜ್ಜೆಯನ್ನೂ ಅದೇ ವೇಗದಲ್ಲಿ ಇಡುತ್ತವೆ. ಹಾಗಾಗಿ ಒಂದು ಕಮಾಂಡಿನ ಫಲಿತಾಂಶ ಎಂದರೆ ಏನು ಎಂಬುದನ್ನು ಈಗ ಬಿಡಿಸಿ ನೋಡಲೇಬೇಕು.

ಉತ್ತರ ಬರುವ ದಾರಿಗಳು

ಲಿನಕ್ಸ್ ಅಥವಾ ಯುನಿಕ್ಸ್ ವಂಶದ ಯಾವುದೇ ವ್ಯವಸ್ಥೆಯಲ್ಲಿ ಒಂದು ಪ್ರೋಗ್ರಾಮು ಇನ್ನೊಂದನ್ನು ಕರೆದಾಗ ಆಪರೇಟಿಂಗ್ ಸಿಸ್ಟಂ ಹೊಸದೊಂದು ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಮು) ಹುಟ್ಟಿಸಿ, ಅದಕ್ಕೆ ಆರ್ಗ್ಯುಮೆಂಟ್‌ಗಳ, ಅಂದರೆ ಆಯ್ಕೆ ಮತ್ತು ಫೈಲ್ ಹೆಸರಿನಂತಹ ವಿವರಗಳ, ಪಟ್ಟಿಯೊಂದನ್ನು ಒಪ್ಪಿಸುತ್ತದೆ. ಆ ಮರಿ ಪ್ರಾಸೆಸ್‌ಗೆ ಹುಟ್ಟಿನಿಂದಲೇ ಮೂರು ವಾಹಿನಿಗಳಿರುತ್ತವೆ: ಒಳಬರುವ ಮಾಹಿತಿಗೆ 0 ಸಂಖ್ಯೆಯ ಸ್ಟ್ಯಾಂಡರ್ಡ್ ಇನ್‌ಪುಟ್, ಫಲಿತಾಂಶಕ್ಕೆ 1 ಸಂಖ್ಯೆಯ ಸ್ಟ್ಯಾಂಡರ್ಡ್ ಔಟ್‌ಪುಟ್, ದೂರು ಮತ್ತು ಎಚ್ಚರಿಕೆಗಳಿಗೆ 2 ಸಂಖ್ಯೆಯ ಸ್ಟ್ಯಾಂಡರ್ಡ್ ಎರರ್. ಕೆಲಸ ಮುಗಿಸಿ ಹೊರಡುವಾಗ ಅದು 0ಯಿಂದ 255ರೊಳಗಿನ ಒಂದು ಸಂಖ್ಯೆಯನ್ನು ಬಿಟ್ಟು ಹೋಗುತ್ತದೆ. ಇದೇ ಎಕ್ಸಿಟ್ ಕೋಡ್. 0 ಎಂದರೆ ಸರಿಯಾಗಿ ಮುಗಿಯಿತು, ಉಳಿದದ್ದು ಏನಿದ್ದರೂ ಏನೋ ಹೇಳುವುದಿದೆ ಎಂದು ವಾಡಿಕೆ.

ಎಕ್ಸಿಟ್ ಕೋಡ್, ಔಟ್‌ಪುಟ್, ಎರರ್ ಇವು ಮೂರೂ ಬೇರೆಬೇರೆ ಸಾಕ್ಷಿಗಳು. ಇವುಗಳ ಜೊತೆಗೆ ನಾಲ್ಕನೆಯದೊಂದು ಸಾಕ್ಷಿಯಿದೆ, ಅದೇ ಎಲ್ಲಕ್ಕಿಂತ ಮುಖ್ಯವಾದದ್ದು: ಕೆಲಸ ನಡೆದ ಜಾಗದಲ್ಲಿ ಈಗ ಏನಿದೆ ಎಂಬುದು. ಫೈಲ್ ಹುಟ್ಟಿತೇ, ಅದರಲ್ಲಿ ಇರಬೇಕಾದದ್ದು ಇದೆಯೇ? ತುಂಗಭದ್ರಾ ಡ್ಯಾಂನಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಎಂಬುದು ಒಂದು ಸುದ್ದಿ, ಮಾನ್ವಿ, ಸಿರವಾರ ಭಾಗದ ಕೊನೆಯ ಹೊಲಕ್ಕೆ ಆ ನೀರು ಮುಟ್ಟಿತು ಎಂಬುದು ಬೇರೆ ಸುದ್ದಿ ಎಂದು ಈ ಕಡೆಯ ಯಾವ ರೈತರಿಗೂ ಹೇಳಿಕೊಡಬೇಕಿಲ್ಲ. ಎಕ್ಸಿಟ್ ಕೋಡ್ ತಿಳಿಸುವುದು ಗೇಟಿನ ಸುದ್ದಿಯನ್ನು ಮಾತ್ರ.

ಆ ಸಂಖ್ಯೆಯನ್ನಾದರೂ ಎಲ್ಲ ಉಪಕರಣಗಳೂ ಒಂದೇ ಅರ್ಥದಲ್ಲಿ ಬಳಸುತ್ತವೆಯೇ ಎಂದರೆ ಅದೂ ಇಲ್ಲ. ಪಠ್ಯ ಹುಡುಕುವ ಗ್ರೆಪ್, ಹುಡುಕಿದ ಪದ ಸಿಗದಿದ್ದರೆ 1 ಕೊಡುತ್ತದೆ. ಅದು ತಪ್ಪಲ್ಲ, ‘ಇಲ್ಲ’ ಎಂಬ ಪ್ರಾಮಾಣಿಕ ಉತ್ತರ. ಫೈಲನ್ನೇ ತೆರೆಯಲಾಗದಂತಹ ನಿಜವಾದ ದೋಷಕ್ಕೆ ಅದು 2 ಕೊಡುತ್ತದೆ. ಎರಡು ಫೈಲ್‌ಗಳನ್ನು ಹೋಲಿಸುವ ಡಿಫ್ ಕೂಡ ವ್ಯತ್ಯಾಸ ಕಂಡರೆ 1 ಎನ್ನುತ್ತದೆ. ವಿಂಡೋಸ್‌ನಲ್ಲಿ ಫೋಲ್ಡರ್‌ಗಳನ್ನು ನಕಲು ಮಾಡುವ ರೋಬೋಕಾಪಿಯ ರೀತಿ ಇನ್ನೂ ಬೇರೆ: 1 ಎಂದರೆ ಫೈಲ್‌ಗಳು ಯಶಸ್ವಿಯಾಗಿ ನಕಲಾದವು ಎಂದರ್ಥ, 8 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಏನೋ ಕೈಕೊಟ್ಟಿದೆ ಎಂದು ತಿಳಿಯಬೇಕು. ‘ಸೊನ್ನೆ ಅಲ್ಲದಿದ್ದರೆ ನಿಲ್ಲಿಸು’ ಎಂಬ ಒಂದೇ ಸೂತ್ರ ಇಟ್ಟುಕೊಂಡ ಪ್ರೋಗ್ರಾಮು ಸರಿಯಾಗಿ ಆದ ನಕಲನ್ನೂ ವಿಫಲವೆಂದು ಸಾರುತ್ತದೆ. ಇದರ ತದ್ವಿರುದ್ಧ, ವೆಬ್‌ನಿಂದ ಪುಟ, ಫೈಲ್ ತರಿಸಿಕೊಡುವ ಕರ್ಲ್. ಸರ್ವರ್ 404 ಎಂದು ಉತ್ತರಿಸಿದರೂ, ಉತ್ತರ ಬಂದಿತಲ್ಲ ಎಂದು ಅದು 0 ಕೊಟ್ಟು ‘ಪುಟ ಸಿಗಲಿಲ್ಲ’ ಎಂಬ ಎಚ್‌ಟಿಎಂಎಲ್ ಅನ್ನೇ ನಮ್ಮ ಡೇಟಾ ಎಂಬಂತೆ ಉಳಿಸಿಬಿಡುತ್ತದೆ. ಅದಕ್ಕೆ ‘ಫೇಲ್’ ಎಂಬ ಆಯ್ಕೆಯನ್ನು ಕೇಳಿ ಕೊಟ್ಟರೆ ಮಾತ್ರ 22 ಎಂಬ ದೋಷಸಂಖ್ಯೆ ಬರುತ್ತದೆ. ಯಾವ ಉಪಕರಣವನ್ನು ಕರೆಯುತ್ತೇವೋ ಅದರ ಕೈಪಿಡಿಯಲ್ಲಿ ಎಕ್ಸಿಟ್ ಕೋಡ್‌ಗಳ ಭಾಗವನ್ನು ಓದದೆ ಕೋಡ್ ಬರೆಯಬಾರದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಕೆಲವು ಸಂಖ್ಯೆಗಳು ಮಾತ್ರ ಹೆಚ್ಚಿನ ಕಡೆ ಒಂದೇ ಕಥೆ ಹೇಳುತ್ತವೆ. ಕಮಾಂಡ್‌ಗಳನ್ನು ಓದಿ ಓಡಿಸುವ ಶೆಲ್ 127 ಕೊಟ್ಟರೆ ಆ ಹೆಸರಿನ ಕಮಾಂಡೇ ಸಿಗಲಿಲ್ಲ, 126 ಕೊಟ್ಟರೆ ಸಿಕ್ಕಿತು ಆದರೆ ಓಡಿಸಲಾಗಲಿಲ್ಲ. 128ಕ್ಕಿಂತ ಮೇಲಿನ ಸಂಖ್ಯೆ ಬಂದರೆ ಅದರಿಂದ 128 ಕಳೆದು ನೋಡಬೇಕು, ಆಪರೇಟಿಂಗ್ ಸಿಸ್ಟಂ ಕಳಿಸಿದ ಯಾವ ಸಿಗ್ನಲ್ (ಸೂಚನೆ) ಆ ಪ್ರಾಸೆಸನ್ನು ಕೊಂದಿತು ಎಂದು ಸಾಮಾನ್ಯವಾಗಿ ತಿಳಿಯುತ್ತದೆ. 137 ಎಂದರೆ 9ನೆಯ ಸಿಗ್ನಲ್. ಕಡಿಮೆ ಮೆಮೊರಿಯ ಲ್ಯಾಬ್ ಕಂಪ್ಯೂಟರಿನಲ್ಲಿ ದೊಡ್ಡ ಸ್ಕ್ಯಾನ್ ಪುಟವನ್ನು ಸಂಸ್ಕರಿಸುವಾಗ ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನೆಲ್ ಆ ಪ್ರಾಸೆಸನ್ನು ಕೊಂದರೆ ಕಾಣುವುದು ಇದೇ. ಪೈಥಾನ್ ಭಾಷೆಯಲ್ಲಿ ಬೇರೆ ಪ್ರೋಗ್ರಾಮುಗಳನ್ನು ಕರೆಯಲು ಇರುವ ಸಬ್‌ಪ್ರೊಸೆಸ್ ಮಾಡ್ಯೂಲು ಇದನ್ನೇ ಮೈನಸ್ 9 ಎಂದು ತೋರಿಸುತ್ತದೆ.

ಪೈಥಾನ್ ಮಾತು ಬಂದಿದ್ದರಿಂದ ಒಂದು ಹಳೆಯ ಬಲೆಯನ್ನು ಹತ್ತಿರದಿಂದ ತೋರಿಸಬೇಕು, ಏಕೆಂದರೆ ಅದು ಈಗಲೂ ಪಾಠದ ಟಿಪ್ಪಣಿಗಳಲ್ಲಿ ಉಳಿದುಕೊಂಡಿದೆ. ಓಎಸ್ ಮಾಡ್ಯೂಲಿನ ಸಿಸ್ಟಂ ಎಂಬ ಫಂಕ್ಷನ್‌ನಿಂದ ಕಮಾಂಡ್ ಓಡಿಸಿದಾಗ ಅದು ಹಿಂದಿರುಗಿಸುವುದು ಎಕ್ಸಿಟ್ ಕೋಡನ್ನಲ್ಲ, ಆಪರೇಟಿಂಗ್ ಸಿಸ್ಟಂ ಕೊಟ್ಟ ಕಚ್ಚಾ ಸ್ಥಿತಿಯನ್ನು. ಲಿನಕ್ಸ್‌ನಲ್ಲಿ ಕಮಾಂಡ್ 1 ಎಂದು ಸೋತು ಬಂದರೆ ಈ ಫಂಕ್ಷನ್ 256 ಕೊಡುತ್ತದೆ. ಆ 256ನ್ನೇ ನಮ್ಮ ಪ್ರೋಗ್ರಾಮಿನ ಎಕ್ಸಿಟ್ ಕೋಡ್ ಆಗಿ ದಾಟಿಸಿದರೆ, ಆಪರೇಟಿಂಗ್ ಸಿಸ್ಟಂ ಅದರ ಕೆಳಗಿನ 8 ಬಿಟ್‌ಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಉಳಿಯುವುದು 0. ಒಳಗಿನ ಕಮಾಂಡ್ ಸೋತಿದೆ, ಹೊರಗಿನ ಪ್ರೋಗ್ರಾಮು ಗೆದ್ದೆನೆಂದು ವರದಿ ಮಾಡಿದೆ, ನಡುವೆ ಯಾರೂ ಸುಳ್ಳು ಹೇಳಿಲ್ಲ. 2015ರಲ್ಲಿ ಪೈಥಾನ್ 3.5ರೊಂದಿಗೆ ಬಂದ ಸಬ್‌ಪ್ರೊಸೆಸ್‌ನ ‘ರನ್’ ಫಂಕ್ಷನ್ ಬಳಸಿದರೆ ಈ ಗೊಂದಲವಿಲ್ಲ. ಆದರೆ ಅದೂ ‘ಚೆಕ್’ ಎಂಬ ಆಯ್ಕೆಯನ್ನು ಕೊಡದಿದ್ದರೆ ಸೋತ ಕಮಾಂಡಿನ ಮುಂದೆ ಮೌನವಾಗಿಯೇ ಇರುತ್ತದೆ, ಕೋಡನ್ನು ನಾವೇ ತೆಗೆದು ನೋಡಬೇಕು.

ಕನ್ನಡದ ಪುಟ, ಸೊನ್ನೆಯ ಉತ್ತರ

ಈ ಭಾಗದಲ್ಲಿ ಬೇಡಿಕೆಯಿರುವ ಕೆಲಸಗಳಲ್ಲಿ ಹಳೆಯ ಕನ್ನಡ ಕಾಗದಗಳನ್ನು ಪಠ್ಯವಾಗಿ ಪರಿವರ್ತಿಸುವುದೂ ಒಂದು. ಪಹಣಿಯ ಜೆರಾಕ್ಸ್ ಪ್ರತಿಗಳು, ಸೊಸೈಟಿಯ ನಡಾವಳಿ ಪುಸ್ತಕಗಳು, ಕರಪತ್ರಗಳು, ಗ್ರಂಥಾಲಯದಲ್ಲಿ ಪುಡಿಯಾಗುತ್ತಿರುವ ಸಂಚಿಕೆಗಳು. ಇದಕ್ಕೆ ಎಲ್ಲರೂ ಕೈಹಾಕುವ ಉಪಕರಣ ಟೆಸರ್ಯಾಕ್ಟ್. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾದ ಇದು ಕನ್ನಡವನ್ನೂ ಓದಬಲ್ಲದು. ಆದರೆ ಉಬುಂಟು ಅಥವಾ ಡೆಬಿಯನ್‌ನಲ್ಲಿ ಇದನ್ನು ಹಾಕಿಕೊಂಡಾಗ ಜೊತೆಗೆ ಬರುವ ಭಾಷೆ ಇಂಗ್ಲಿಷ್ ಒಂದೇ, ಕನ್ನಡದ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು.

ಈಗ ಆ ಪ್ಯಾಕೇಜ್ ಇಲ್ಲದ ಯಂತ್ರದಲ್ಲಿ ಏನಾಗುತ್ತದೆ ನೋಡಿ. ಭಾಷೆ ಕನ್ನಡ ಎಂದಷ್ಟೇ ಹೇಳಿದರೆ ಟೆಸರ್ಯಾಕ್ಟ್ ‘ಯಾವ ಭಾಷೆಯನ್ನೂ ಲೋಡ್ ಮಾಡಲಾಗಲಿಲ್ಲ’ ಎಂದು ನಿಂತುಬಿಡುತ್ತದೆ, ದೋಷದ ಕೋಡ್ ಕೊಡುತ್ತದೆ. ಇದು ಒಳ್ಳೆಯ ಸೋಲು, ಕಣ್ಣಿಗೆ ಬೀಳುತ್ತದೆ. ಆದರೆ ನಮ್ಮ ಕಾಗದಗಳಲ್ಲಿ ಅಂಕಿಗಳು, ಅಂಗಡಿ ಹೆಸರುಗಳು ಇಂಗ್ಲಿಷಿನಲ್ಲಿಯೂ ಇರುವುದರಿಂದ ‘ಕನ್ನಡ ಮತ್ತು ಇಂಗ್ಲಿಷ್’ ಎಂದು ಎರಡನ್ನೂ ಸೇರಿಸಿ ಕೊಡುವುದು ರೂಢಿ. ಆಗ ಟೆಸರ್ಯಾಕ್ಟ್ ಕನ್ನಡವನ್ನು ಲೋಡ್ ಮಾಡಲು ಸೋಲುತ್ತದೆ, ಅದನ್ನು ಸ್ಟ್ಯಾಂಡರ್ಡ್ ಎರರ್‌ನಲ್ಲಿ ಒಂದು ಸಾಲಿನಲ್ಲಿ ಹೇಳುತ್ತದೆ, ಸಿಕ್ಕ ಇಂಗ್ಲಿಷಿನಿಂದಲೇ ಕೆಲಸ ಮುಂದುವರಿಸಿ 0 ಎಂದು ಮುಗಿಸುತ್ತದೆ. ಕನ್ನಡದ ಪುಟವನ್ನು ಇಂಗ್ಲಿಷ್ ಅಕ್ಷರಗಳೆಂದು ತಿಳಿದು ಓದಿದ ಕಸ ಫೈಲಿನಲ್ಲಿ ತುಂಬಿರುತ್ತದೆ. ಫೈಲ್ ಖಾಲಿಯಿಲ್ಲ, ಕೋಡ್ ಸೊನ್ನೆ, ಪರದೆಯ ಮೇಲೆ ‘ಮುಗಿಯಿತು’. ಎಚ್ಚರಿಕೆ ಇದ್ದದ್ದು ಒಂದೇ ಕಡೆ, ಸ್ಟ್ಯಾಂಡರ್ಡ್ ಎರರ್‌ನಲ್ಲಿ, ಅದನ್ನೇ ಪ್ರೋಗ್ರಾಮು ಎಸೆದುಬಿಟ್ಟಿದೆ. ಎಸೆಯುವುದಕ್ಕೂ ಕಾರಣವಿದೆ: ಏನೂ ತಪ್ಪಾಗದಿದ್ದರೂ ಟೆಸರ್ಯಾಕ್ಟ್ ಅದೇ ವಾಹಿನಿಯಲ್ಲಿ ರೆಸಲ್ಯೂಷನ್ ಅಂದಾಜು ಮಾಡುತ್ತಿದ್ದೇನೆ ಎಂಬಂತಹ ಸಾಲುಗಳನ್ನು ಬರೆಯುತ್ತಿರುತ್ತದೆ. ವಿಡಿಯೋ ಸಂಸ್ಕರಿಸುವ ಎಫ್‌ಎಫ್‌ಎಂಪೆಗ್ ಅಂತೂ ತನ್ನ ಇಡೀ ವರದಿಯನ್ನು ಅಲ್ಲಿಯೇ ಸುರಿಯುತ್ತದೆ. ಆದ್ದರಿಂದ ಎರರ್ ವಾಹಿನಿಯಲ್ಲಿ ಏನಾದರೂ ಬಂದರೆ ಸೋಲು ಎನ್ನುವಂತಿಲ್ಲ, ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಬಿಡುವಂತೆಯೂ ಇಲ್ಲ. ಅದನ್ನು ಪ್ರತಿ ಪುಟಕ್ಕೂ ಲಾಗ್ ಫೈಲಿನಲ್ಲಿ ಉಳಿಸಬೇಕು, ಗೊತ್ತಿರುವ ಎಚ್ಚರಿಕೆಯ ಸಾಲುಗಳಿಗಾಗಿ ಹುಡುಕಬೇಕು.

ಅದಕ್ಕಿಂತ ಗಟ್ಟಿಯಾದ ಪರೀಕ್ಷೆ ಫಲಿತಾಂಶದ ಮೇಲೆಯೇ ನಡೆಯಬೇಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳಿವೆ, ದಶಮಾನದಲ್ಲಿ 3200ರಿಂದ 3327ರವರೆಗೆ. ಬಂದ ಪಠ್ಯದಲ್ಲಿ ಎಷ್ಟು ಸಂಕೇತಗಳು ಈ ವ್ಯಾಪ್ತಿಯೊಳಗಿವೆ ಎಂದು ಎಣಿಸಲು ನಾಲ್ಕು ಸಾಲಿನ ಕೋಡ್ ಸಾಕು. ಕನ್ನಡ ಪುಟದಿಂದ ಒಂದೂ ಕನ್ನಡ ಅಕ್ಷರ ಬಾರದಿದ್ದರೆ ಎಕ್ಸಿಟ್ ಕೋಡ್ ಏನೇ ಹೇಳಲಿ, ಆ ಪುಟ ವಿಫಲವೇ.

‘ಎರರ್ ಏನೂ ಬಂದಿಲ್ಲರಿ ಸರ್, ಆದ್ರ ಫೈಲ್ ಖಾಲಿ ಐತ್ರಿ’ ಎಂಬ ಮಾತು ಲ್ಯಾಬ್‌ಗಳಲ್ಲಿ ಕೇಳಿಬರುವುದು ಹೆಚ್ಚಾಗಿ, ಪಿಡಿಎಫ್‌ನಿಂದ ಪಠ್ಯ ತೆಗೆಯುವ ಪಿಡಿಎಫ್‌ಟುಟೆಕ್ಸ್ಟ್ ಬಳಸುವಾಗ. ಅದಕ್ಕೂ ಇದೇ ಉತ್ತರ. ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಪುಟಗಳು ಚಿತ್ರಗಳಾಗಿರುತ್ತವೆ, ಪಠ್ಯವೇ ಇರುವುದಿಲ್ಲ. ಇಲ್ಲದ್ದನ್ನು ತೆಗೆಯಲು ಹೇಳಿದರೆ ಉಪಕರಣ ಏನೂ ತೆಗೆಯದೆ 0 ಕೊಡುತ್ತದೆ. ಅದರ ದೃಷ್ಟಿಯಲ್ಲಿ ಪಿಡಿಎಫ್ ತೆರೆಯಿತು, ಔಟ್‌ಪುಟ್ ಫೈಲ್ ಬರೆಯಲಾಯಿತು, ತಪ್ಪೇನೂ ಆಗಲಿಲ್ಲ.

ಪೈಪಿನ ಕೊನೆಯವರು ಮಾತ್ರ ಸಾಕ್ಷಿ

ಒಂದು ಉಪಕರಣದ ಔಟ್‌ಪುಟನ್ನು ಇನ್ನೊಂದರ ಇನ್‌ಪುಟ್‌ಗೆ ಜೋಡಿಸುವ ಪೈಪ್, ಡಗ್ ಮೆಕಿಲ್ರಾಯ್ ಅವರ ಒತ್ತಾಸೆಯಿಂದ 1973ರಲ್ಲಿ ಯುನಿಕ್ಸ್‌ಗೆ ಬಂದಿತು. ಕಮಾಂಡ್‌ಲೈನ್‌ನ ಶಕ್ತಿಯೆಲ್ಲ ಇದರಲ್ಲಿಯೇ ಇದೆ ಎಂದರೂ ತಪ್ಪಲ್ಲ. ಆದರೆ ಶೆಲ್ ಪೂರ್ವನಿಯೋಜಿತವಾಗಿ ಪೈಪಿನ ಕೊನೆಯ ಕಮಾಂಡಿನ ಎಕ್ಸಿಟ್ ಕೋಡನ್ನು ಮಾತ್ರ ವರದಿ ಮಾಡುತ್ತದೆ. ಗಿರಣಿಯ ಡೇಟಾಬೇಸ್‌ನ ಪ್ರತಿ ತೆಗೆಯುವ ಪಿಜಿ-ಡಂಪ್ ಪಾಸ್‌ವರ್ಡ್ ತಪ್ಪಿ ಸೋತಿದೆ ಎಂದುಕೊಳ್ಳಿ. ಅದರ ಮುಂದಿನ ಜಿಜಿಪ್‌ಗೆ ಏನೂ ಬರಲಿಲ್ಲ. ಬಾರದ್ದನ್ನು ಅದು ನಿಷ್ಠೆಯಿಂದ ಕುಗ್ಗಿಸಿ 20 ಬೈಟ್‌ನ ಫೈಲ್ ಮಾಡಿ 0 ಕೊಟ್ಟಿತು. ಬೆಳಿಗ್ಗೆ ನೋಡಿದರೆ ಫೋಲ್ಡರಿನಲ್ಲಿ ದಿನಾಂಕ ಹೊತ್ತ ಬ್ಯಾಕಪ್ ಫೈಲ್ ಇದೆ. ಅದರ ಗಾತ್ರವನ್ನು ಯಾರೂ ನೋಡುವುದಿಲ್ಲ. ಬ್ಯಾಷ್ ಎಂಬ ಶೆಲ್‌ನಲ್ಲಿ ‘ಪೈಪ್‌ಫೇಲ್’ ಎಂಬ ಆಯ್ಕೆಯನ್ನು ಹಾಕಿದರೆ ನಡುವಿನ ಸೋಲೂ ಹೊರಗೆ ಬರುತ್ತದೆ.

ಇದು ಸಣ್ಣ ಊರಿನ ಸಣ್ಣ ಕೆಲಸಗಳ ದೋಷವೆಂದು ತಿಳಿಯಬೇಕಿಲ್ಲ. 2017ರ ಜನವರಿ 31ರಂದು ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಎಂಜಿನಿಯರ್ ಒಬ್ಬರು ಬೇರೊಂದು ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸ್ ಇದ್ದ ಸರ್ವರಿನಲ್ಲಿಯೇ ಡೇಟಾ ಫೋಲ್ಡರನ್ನು ಅಳಿಸಿದರು. ಬ್ಯಾಕಪ್ ಹುಡುಕಿದಾಗ ಅದನ್ನು ಇಡುತ್ತಿದ್ದ ಜಾಗ ಖಾಲಿಯಿತ್ತು. ಡೇಟಾಬೇಸ್ ಇದ್ದದ್ದು ಪೋಸ್ಟ್‌ಗ್ರೆಸ್ 9.6, ಆದರೆ ಬ್ಯಾಕಪ್ ಕೆಲಸ ಓಡಿಸುತ್ತಿದ್ದದ್ದು 9.2ರ ಪಿಜಿ-ಡಂಪ್. ಆವೃತ್ತಿ ಹೊಂದದೆ ಅದು ಪ್ರತಿ ಸಲವೂ ದೋಷ ಹೇಳಿ ನಿಲ್ಲುತ್ತಿತ್ತು. ದೋಷದ ಸೂಚನೆ ಇಮೇಲ್ ಮೂಲಕ ಹೊರಡುತ್ತಿತ್ತು, ಆದರೆ ಆ ಇಮೇಲ್‌ಗಳಿಗೆ ಸರಿಯಾದ ದೃಢೀಕರಣ ಇಲ್ಲದ್ದರಿಂದ ಸ್ವೀಕರಿಸುವ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಕೊನೆಗೆ ಸುಮಾರು 6 ಗಂಟೆಗಳ ದತ್ತಾಂಶ ಕಳೆದುಹೋಯಿತು, ಸುಮಾರು 5,000 ಪ್ರಾಜೆಕ್ಟ್‌ಗಳಿಗೆ ಪೆಟ್ಟು ಬಿತ್ತು. ಸಂಸ್ಥೆ ಎಲ್ಲವನ್ನೂ ಬಹಿರಂಗವಾಗಿ ಬರೆದು ಪ್ರಕಟಿಸಿದ್ದರಿಂದಲೇ ನಮಗೆ ಇಷ್ಟು ವಿವರ ಗೊತ್ತು, ಅದು ಗೌರವಕ್ಕೆ ಅರ್ಹವಾದ ನಡೆ. ಇಲ್ಲಿ ಪಿಜಿ-ಡಂಪ್ ಸೋತೆನೆಂದು ಸ್ಪಷ್ಟವಾಗಿಯೇ ಹೇಳಿತ್ತು ಎಂಬುದನ್ನು ಗಮನಿಸಬೇಕು. ಹೇಳಿದ್ದು ಒಬ್ಬ ಮನುಷ್ಯರ ಕಿವಿಗೆ ಬೀಳುವ ದಾರಿ ಮುಚ್ಚಿತ್ತು.

ರಾತ್ರಿ ಓಡುವ ಕೆಲಸಗಳಿಗೆ ಇನ್ನೊಂದು ತೊಂದರೆಯಿದೆ. ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಕ್ರಾನ್ ಮೂಲಕ ಓಡುವಾಗ ಕಮಾಂಡ್‌ಗಳನ್ನು ಹುಡುಕುವ ದಾರಿ ಬಹಳ ಚಿಕ್ಕದು, ಹಗಲು ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡಿದ ಸ್ಕ್ರಿಪ್ಟ್ ರಾತ್ರಿ 127 ಎಂದು ಬಿದ್ದುಹೋಗುತ್ತದೆ. ಉಪಕರಣದ ಪೂರ್ಣ ವಿಳಾಸವನ್ನು ಬರೆಯುವುದೇ ಇದಕ್ಕೆ ಪರಿಹಾರ.

ಫೈಲಿನ ಹೆಸರೇ ಆಜ್ಞೆಯಾದಾಗ

ಫಲಿತಾಂಶವನ್ನು ಓದುವುದಕ್ಕಿಂತ ಮೊದಲೇ, ಕರೆಯುವ ರೀತಿಯಲ್ಲಿಯೇ ಆಗುವ ತಪ್ಪು ಇನ್ನೂ ದುಬಾರಿ. ಕಮಾಂಡನ್ನು ಒಂದೇ ಉದ್ದನೆಯ ಪಠ್ಯವಾಗಿ ಕಟ್ಟಿ ಶೆಲ್‌ಗೆ ಕೊಡುವುದು ಎಲ್ಲರೂ ಮೊದಲು ಕಲಿಯುವ ವಿಧಾನ. ಶೆಲ್‌ಗೆ ಆ ಪಠ್ಯದಲ್ಲಿ ಯಾವುದು ಆಜ್ಞೆ, ಯಾವುದು ಬರೀ ಹೆಸರು ಎಂಬ ಭೇದ ತಿಳಿಯುವುದಿಲ್ಲ. ನಮ್ಮ ಮಾರುಕಟ್ಟೆಗಳಲ್ಲಿ ‘& ಸನ್ಸ್’, ‘& ಕಂಪನಿ’ ಎಂದು ಮುಗಿಯುವ ಅಂಗಡಿ ಹೆಸರುಗಳಿಗೆ ಕೊರತೆಯಿಲ್ಲ. ಅಂತಹ ಹೆಸರಿನ ಪಿಡಿಎಫ್ ಫೈಲನ್ನು ಪಠ್ಯದೊಳಗೆ ಹಾಗೆಯೇ ಸೇರಿಸಿದರೆ ಶೆಲ್ ಅದನ್ನು ‘&’ ಚಿಹ್ನೆಯಲ್ಲಿ ಕತ್ತರಿಸುತ್ತದೆ. ಮೊದಲ ಭಾಗವನ್ನು ಹಿನ್ನೆಲೆಯಲ್ಲಿ ಓಡಲು ಬಿಟ್ಟು, ‘ಸನ್ಸ್.ಪಿಡಿಎಫ್’ ಎಂಬುದನ್ನು ಹೊಸದೊಂದು ಕಮಾಂಡ್ ಎಂದು ತಿಳಿದು ಹುಡುಕಿ, ಸಿಗದೆ 127 ಎನ್ನುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ದುರುದ್ದೇಶ ಇರುವವರು ‘&’ ಬದಲು ಅರ್ಧವಿರಾಮ ಹಾಕಿ ಅದರ ಮುಂದೆ ಫೈಲ್ ಅಳಿಸುವ ಕಮಾಂಡನ್ನೇ ಹೆಸರಾಗಿಟ್ಟು ಅಪ್‌ಲೋಡ್ ಮಾಡಿದರೆ ಶೆಲ್ ಅದನ್ನೂ ಅಷ್ಟೇ ವಿಧೇಯತೆಯಿಂದ ನಡೆಸುತ್ತದೆ.

2016ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ‘ಇಮೇಜ್‌ಟ್ರಾಜಿಕ್’ ದೋಷದ ಮೂಲ ಇದೇ ಆಗಿತ್ತು. ಚಿತ್ರಗಳನ್ನು ಸಂಸ್ಕರಿಸುವ ಇಮೇಜ್‌ಮ್ಯಾಜಿಕ್ ಕೆಲವು ಕೆಲಸಗಳಿಗೆ ಹೊರಗಿನ ಕಮಾಂಡ್‌ಗಳನ್ನು ಶೆಲ್ ಮೂಲಕ ಕರೆಯುತ್ತಿತ್ತು, ಚಿತ್ರದ ಫೈಲಿನೊಳಗೆ ಬರೆದ ಯುಆರ್‌ಎಲ್ ಸರಿಯಾಗಿ ಸೋಸದೆ ಆ ಕಮಾಂಡಿನೊಳಗೆ ಸೇರುತ್ತಿತ್ತು. ಅಂದರೆ ಯಾರೋ ಅಪರಿಚಿತರು ಫೋಟೋ ಎಂದು ಅಪ್‌ಲೋಡ್ ಮಾಡಿದ್ದು ಸರ್ವರಿನಲ್ಲಿ ಆಜ್ಞೆಯಾಗಿ ನಡೆಯಬಹುದಿತ್ತು. 2024ರ ಜುಲೈನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಐಎಸ್‌ಎ ಮತ್ತು ಎಫ್‌ಬಿಐ ಒಟ್ಟಾಗಿ, ಈ ಬಗೆಯ ದೋಷವನ್ನು ತಂತ್ರಾಂಶ ರೂಪಿಸುವ ಹಂತದಲ್ಲಿಯೇ ಇಲ್ಲವಾಗಿಸಬೇಕೆಂದು ತಯಾರಕರಿಗೆ ಕರೆಕೊಟ್ಟವು. ಸಿಸ್ಕೋ, ಪಾಲೋ ಆಲ್ಟೋ, ಇವಾಂಟಿಯಂತಹ ದೊಡ್ಡ ಕಂಪನಿಗಳ ನೆಟ್‌ವರ್ಕ್ ಉಪಕರಣಗಳಲ್ಲಿ ಅದೇ ವರ್ಷ ದಾಳಿಕೋರರು ಬಳಸಿಕೊಂಡ ದೋಷಗಳು ಅದಕ್ಕೆ ಪ್ರೇರಣೆ.

ಪರಿಹಾರ ಹೊಸದೇನೂ ಅಲ್ಲ. ಶೆಲ್ ಅನ್ನು ನಡುವೆ ತರದೆ, ಉಪಕರಣದ ಹೆಸರು ಮತ್ತು ಪ್ರತಿ ಆರ್ಗ್ಯುಮೆಂಟನ್ನು ಬೇರೆಬೇರೆ ಅಂಶಗಳ ಪಟ್ಟಿಯಾಗಿ ಕೊಡಬೇಕು. ಪೈಥಾನ್‌ನ ಸಬ್‌ಪ್ರೊಸೆಸ್‌ಗೆ ಪಠ್ಯದ ಬದಲು ಪಟ್ಟಿ ಕೊಟ್ಟು, ‘ಶೆಲ್’ ಆಯ್ಕೆಯನ್ನು ಮುಟ್ಟದೆ ಬಿಟ್ಟರೆ ಆಯಿತು. ಆಗ ‘& ಸನ್ಸ್’ ಬರೀ ಹೆಸರಾಗಿಯೇ ಉಳಿಯುತ್ತದೆ, ನಡುವಿನ ಖಾಲಿ ಜಾಗವೂ ಹೆಸರನ್ನು ತುಂಡರಿಸುವುದಿಲ್ಲ. ಇಷ್ಟಾದರೂ ಒಂದು ಕಿಂಡಿ ಉಳಿಯುತ್ತದೆ. ಹೆಸರು ಹೈಫನ್‌ನಿಂದ ಆರಂಭವಾದರೆ ಉಪಕರಣವೇ ಅದನ್ನು ಆಯ್ಕೆ ಎಂದು ಓದುತ್ತದೆ. 2017ರ ಆಗಸ್ಟ್‌ನಲ್ಲಿ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್, ಮರ್ಕ್ಯುರಿಯಲ್, ಸಬ್‌ವರ್ಷನ್ ಮೂರರಲ್ಲಿಯೂ ಒಟ್ಟಿಗೆ ಪತ್ತೆಯಾದ ದೋಷ ಇಂಥದ್ದು: ಸರ್ವರಿನ ಹೆಸರಿರಬೇಕಾದ ಜಾಗದಲ್ಲಿ ಹೈಫನ್‌ನಿಂದ ಶುರುವಾಗುವ ಪಠ್ಯವಿಟ್ಟರೆ, ದೂರದ ಸರ್ವರಿಗೆ ಸಂಪರ್ಕ ಕಲ್ಪಿಸುವ ಎಸ್‌ಎಸ್‌ಎಚ್ ಅದನ್ನು ತನಗೆ ಕೊಟ್ಟ ಆಯ್ಕೆಯೆಂದು ಪಾಲಿಸುತ್ತಿತ್ತು. ಹೆಸರುಗಳಿಗೆ ಮೊದಲು ಎರಡು ಹೈಫನ್ ಇಟ್ಟು ‘ಇಲ್ಲಿಗೆ ಆಯ್ಕೆಗಳು ಮುಗಿದವು’ ಎಂದು ಹೇಳುವುದು, ಅದನ್ನು ಒಪ್ಪದ ಉಪಕರಣಗಳಿಗೆ ಫೈಲಿನ ಪೂರ್ಣ ವಿಳಾಸ ಕೊಡುವುದು ಇದಕ್ಕೆ ಮದ್ದು. ವಿಂಡೋಸ್‌ನಲ್ಲಿ ಬ್ಯಾಚ್ ಫೈಲ್‌ಗಳನ್ನು ಕರೆಯುವವರಿಗೆ ಪಟ್ಟಿಯೂ ಪೂರ್ತಿ ರಕ್ಷಣೆಯಲ್ಲ. 2024ರ ಏಪ್ರಿಲ್‌ನಲ್ಲಿ ರಸ್ಟ್ ಭಾಷೆಯೇ ಈ ಕಾರಣಕ್ಕೆ 1.77.2 ಆವೃತ್ತಿಯನ್ನು ತುರ್ತಾಗಿ ಹೊರತರಬೇಕಾಯಿತು.

ನಿಂತುಹೋದ ಪ್ರೋಗ್ರಾಮು, ಒಡೆದ ಅಕ್ಷರ

ಒಂದು ಪುಟದ ಮೇಲೆ ಪರೀಕ್ಷಿಸಿದಾಗ ಓಡಿದ ಪ್ರೋಗ್ರಾಮು ಇಡೀ ಪುಸ್ತಕ ಕೊಟ್ಟಾಗ ಅಲುಗಾಡದೆ ನಿಂತುಬಿಡುವುದುಂಟು. ಲಿನಕ್ಸ್‌ನಲ್ಲಿ ಒಂದು ಪೈಪ್ ಸಾಮಾನ್ಯವಾಗಿ 65,536 ಬೈಟ್‌ಗಳನ್ನು ಹಿಡಿಯುತ್ತದೆ. ಪಠ್ಯವನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ, ಇಂಗ್ಲಿಷಿನ ಮೂರನೆಯ ಒಂದು ಭಾಗದಷ್ಟು ಕನ್ನಡ ಪಠ್ಯಕ್ಕೇ, ಅಂದರೆ ಸುಮಾರು 21,800 ಸಂಕೇತಗಳಿಗೆ, ಅದು ತುಂಬಿಹೋಗುತ್ತದೆ. ತುಂಬಿದ ಮೇಲೆ ಉಪಕರಣ ಯಾರಾದರೂ ಓದಲಿ ಎಂದು ಕಾಯುತ್ತದೆ. ನಮ್ಮ ಪ್ರೋಗ್ರಾಮು ಉಪಕರಣ ಮುಗಿಯಲಿ, ಆಮೇಲೆ ಓದೋಣ ಎಂದು ಕಾಯುತ್ತಿದ್ದರೆ ಇಬ್ಬರೂ ಕಾಯುತ್ತಲೇ ಇರುತ್ತಾರೆ. ಎರಡೂ ವಾಹಿನಿಗಳನ್ನು ಒಟ್ಟಿಗೆ ಓದಿಕೊಳ್ಳುವ ‘ಕಮ್ಯುನಿಕೇಟ್’ ಅಥವಾ ‘ರನ್’ ಬಳಸಿದರೆ ಇದು ಆಗುವುದಿಲ್ಲ.

ಎಲ್ಲ ಕರೆಗೂ ಟೈಮ್‌ಔಟ್, ಅಂದರೆ ಸಮಯದ ಮಿತಿ, ಇರಲೇಬೇಕು. ಆದರೆ ಶೆಲ್ ಮೂಲಕ ಕರೆದಿದ್ದರೆ ಸಮಯ ಮೀರಿದಾಗ ಸಾಯುವುದು ಶೆಲ್ ಮಾತ್ರ, ಅದು ಹುಟ್ಟಿಸಿದ ಉಪಕರಣ ಹಿಂದೆ ಓಡುತ್ತಲೇ ಇರಬಹುದು. ಹೊಸ ಪ್ರಾಸೆಸ್ ಗುಂಪಿನಲ್ಲಿ ಆರಂಭಿಸಿ, ಗುಂಪನ್ನೇ ನಿಲ್ಲಿಸುವುದು ಸರಿಯಾದ ಕ್ರಮ.

ಔಟ್‌ಪುಟನ್ನು 4,096 ಬೈಟ್‌ಗಳಂತೆ ತುಂಡುತುಂಡಾಗಿ ಓದಿ, ಪ್ರತಿ ತುಂಡನ್ನೂ ಬೇರೆಯಾಗಿ ಡೀಕೋಡ್ ಮಾಡುವ (ಬೈಟ್‌ಗಳನ್ನು ಅಕ್ಷರಗಳಾಗಿಸುವ) ಕೋಡ್ ಇಂಗ್ಲಿಷ್ ಪಠ್ಯದ ಮೇಲೆ ಎಂದೂ ಕೈಕೊಡುವುದಿಲ್ಲ. 4,096ನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ, ಕನ್ನಡದ ಅಕ್ಷರ ಎರಡು ತುಂಡುಗಳ ನಡುವೆ ಒಡೆಯುವುದು ಆಗಲೇ. ಗಿಟ್ ಬಳಸುವವರು ಇನ್ನೊಂದನ್ನು ನೋಡಿರುತ್ತಾರೆ: ಕನ್ನಡ ಹೆಸರಿನ ಫೈಲ್ ಇಟ್ಟು ಸ್ಟೇಟಸ್ ಕೇಳಿದರೆ ಹೆಸರಿನ ಬದಲು 340, 262, 225 ಎಂಬ ಅಂಕಿಗಳ ಸಾಲು ಬರುತ್ತದೆ. ಅವು ‘ಕ’ ಅಕ್ಷರದ ಮೂರು ಬೈಟ್‌ಗಳು, ಅಷ್ಟಮಾನ ಪದ್ಧತಿಯಲ್ಲಿ ಬರೆದದ್ದು. ಆ ಸಾಲನ್ನೇ ಫೈಲಿನ ಹೆಸರೆಂದು ತೆಗೆದುಕೊಂಡ ಪ್ರೋಗ್ರಾಮಿಗೆ ಯಾವ ಫೈಲೂ ಸಿಗುವುದಿಲ್ಲ. ಪ್ರೋಗ್ರಾಮುಗಳು ಓದಲೆಂದೇ ಗಿಟ್‌ನಲ್ಲಿ ‘ಪೋರ್ಸಲಿನ್’ ಎಂಬ ಸ್ಥಿರ ರೂಪವಿದೆ, ಅದಕ್ಕೆ ‘ಝಡ್’ ಆಯ್ಕೆಯನ್ನು ಸೇರಿಸಿದರೆ ಹೆಸರುಗಳು ಇದ್ದಂತೆಯೇ ಬರುತ್ತವೆ. ಮನುಷ್ಯರ ಕಣ್ಣಿಗೆಂದು ಅಲಂಕರಿಸಿದ ಔಟ್‌ಪುಟನ್ನು ಪ್ರೋಗ್ರಾಮು ಓದಲು ಹೋಗಬಾರದು. ಪ್ರೋಗ್ರಾಮುಗಳು ಸುಲಭವಾಗಿ ಓದುವ ಜೇಸನ್ ರೂಪವನ್ನು ಕೊಡುವ ಉಪಕರಣದಿಂದ ಜೇಸನ್‌ನಲ್ಲಿಯೇ ಕೇಳಿ ಪಡೆಯಬೇಕು.

ಸಹಾಯಕ ಓಡಿಸುವಾಗ

ಎಐ ಸಹಾಯಕಗಳ ವಿಚಾರದಲ್ಲಿ ಇವೆಲ್ಲವೂ ಒಟ್ಟಿಗೆ ಬರುತ್ತವೆ. ‘ಲೆಕ್ಕ’ ಎಂಬ ಹೊಸ ಫೋಲ್ಡರ್ ಮಾಡಿ ಎಲ್ಲ ಫೈಲ್‌ಗಳನ್ನು ಅದಕ್ಕೆ ಸಾಗಿಸು ಎಂದು ಹೇಳಿದಿರಿ ಎಂದಿಟ್ಟುಕೊಳ್ಳಿ. ಫೋಲ್ಡರ್ ಮಾಡುವ ಕಮಾಂಡ್ ಸೋತಿತು, ಅದರ ಉತ್ತರವನ್ನು ಓದಲಿಲ್ಲ. ಮೊದಲ ಫೈಲನ್ನು ಇಲ್ಲದ ಫೋಲ್ಡರಿಗೆ ಸಾಗಿಸಲು ಹೋದಾಗ ಎಂವಿ ಕಮಾಂಡ್ ಆ ಫೈಲಿಗೇ ‘ಲೆಕ್ಕ’ ಎಂದು ಹೆಸರಿಟ್ಟು 0 ಕೊಡುತ್ತದೆ. ಎರಡನೆಯ ಫೈಲ್ ಅದರ ಮೇಲೆ ಕೂರುತ್ತದೆ, ಮೂರನೆಯದು ಎರಡನೆಯದರ ಮೇಲೆ. ಕೊನೆಗೆ ಉಳಿಯುವುದು ಒಂದೇ ಫೈಲ್, ಎಕ್ಸಿಟ್ ಕೋಡ್‌ಗಳ ಸಾಲಿನಲ್ಲಿ ಮೊದಲನೆಯದೊಂದನ್ನು ಬಿಟ್ಟರೆ ಎಲ್ಲವೂ ಸೊನ್ನೆ. 2025ರ ಜುಲೈನಲ್ಲಿ ಜೆಮಿನಿ ಸಿಎಲ್‌ಐ ಬಳಕೆದಾರರೊಬ್ಬರು ತಮ್ಮ ಫೈಲ್‌ಗಳನ್ನು ಕಳೆದುಕೊಂಡದ್ದು ಹೀಗೆಯೇ ಎಂದು ಸಾರ್ವಜನಿಕವಾಗಿ ವಿವರಿಸಿದರು.

ಇದಕ್ಕೆ ವಿರುದ್ಧ ದಿಕ್ಕಿನಿಂದಲೂ ಅಪಾಯವಿದೆ. ಕಮಾಂಡಿನ ಔಟ್‌ಪುಟ್ ಸಹಾಯಕಕ್ಕೆ ಓದುವ ಪಠ್ಯ. ಹೊರಗಿನಿಂದ ಇಳಿಸಿಕೊಂಡ ಫೈಲಿನಲ್ಲಿ ‘ಇದನ್ನು ಓದುವವರು ಈ ಕಮಾಂಡ್ ಓಡಿಸಿ’ ಎಂದು ಯಾರಾದರೂ ಬರೆದಿಟ್ಟರೆ, ಅದನ್ನು ಬಳಕೆದಾರರ ಸೂಚನೆಯೆಂದೇ ಸಹಾಯಕ ತಿಳಿಯಬಹುದು. ಶೆಲ್‌ಗೆ ಹೆಸರಿಗೂ ಆಜ್ಞೆಗೂ ಭೇದ ತಿಳಿಯದ ಹಳೆಯ ತೊಂದರೆಯೇ ಇಲ್ಲಿ ಭಾಷೆಯ ಮಟ್ಟಕ್ಕೆ ಏರಿದೆ, ಆರ್ಗ್ಯುಮೆಂಟ್‌ಗಳ ಪಟ್ಟಿಯಂತಹ ಖಚಿತ ಪರಿಹಾರ ಇದಕ್ಕೆ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಇರುವ ರಕ್ಷಣೆ ಎಂದರೆ ಅನುಮತಿ ಕೇಳದೆ ಕಮಾಂಡ್ ಓಡಿಸಲು ಬಿಡದಿರುವುದು, ಓಡಿಸುವುದಿದ್ದರೆ ಉಳಿದ ಯಂತ್ರದಿಂದ ಬೇರ್ಪಡಿಸಿದ ಕಂಟೇನರ್ ಒಳಗೆ ಅಥವಾ ಅಸಲಿ ಡೇಟಾ ಇಲ್ಲದ ಪ್ರತ್ಯೇಕ ಖಾತೆಯಲ್ಲಿ ಓಡಿಸುವುದು.

ನಮ್ಮ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಮೌಲ್ಯಮಾಪನ ಮಾಡುವ ಅಧ್ಯಾಪಕರಲ್ಲಿ ನನ್ನ ಕೋರಿಕೆ ಒಂದಿದೆ. ಸಹಾಯಕಗಳು ಬರೆದುಕೊಡುವ ಸ್ಕ್ರಿಪ್ಟ್‌ಗಳಲ್ಲಿ ಎರರ್ ವಾಹಿನಿಯನ್ನು, ಬರೆದದ್ದೆಲ್ಲ ಮಾಯವಾಗುವ ಡೆವ್-ನಲ್‌ಗೆ ಎಸೆಯುವ ಸಾಲು, ಸೋತರೂ ಗೆದ್ದಂತೆ ಮಾಡುವ ‘ಅಥವಾ ಟ್ರೂ’ ಎಂಬ ಬಾಲ ಇದ್ದರೆ ಅದನ್ನು ವಿದ್ಯಾರ್ಥಿಗೆ ತೋರಿಸಿ, ಏಕೆ ಬೇಕಾಯಿತು ಎಂದು ಕೇಳಬೇಕು. ಪ್ರದರ್ಶನದ ವೇಳೆ ಕರೆಯುವ ಉಪಕರಣದ ಹೆಸರನ್ನು ಬೇಕೆಂದೇ ಬದಲಿಸಿ, ಡಿಸ್ಕ್ ತುಂಬಿಸಿ, ಕನ್ನಡ ಪ್ಯಾಕೇಜನ್ನು ತೆಗೆದುಹಾಕಿ, ‘& ಸನ್ಸ್’ ಎಂಬ ಫೈಲ್ ಕೊಟ್ಟು ಪ್ರೋಗ್ರಾಮನ್ನು ಮತ್ತೊಮ್ಮೆ ಓಡಿಸಬೇಕು. ಆಗ ಪರದೆಯ ಮೇಲೆ ಏನು ಬರುತ್ತದೆ ಎಂಬುದಕ್ಕೆ ಅಂಕಗಳಲ್ಲಿ ಒಂದು ಪಾಲು ಇರಬೇಕು.